ಅದೃಶ್ಯ ಕಿರಣಗಳ ಗಣನೆ



ಭೌತಶಾಸ್ತ್ರದ ಅಧ್ಯಾಪನದಲ್ಲಿಯೇ ತಮ್ಮ ಆಯುಷ್ಯವನ್ನು ಸವೆಸಿದ ಮಹನೀಯರೊಬ್ಬರ ಸ್ಮರಣಾರ್ಥವಾಗಿ ಏರ್ಪಟ್ಟಿರುವ ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯದಲ್ಲಿ ಗ್ರಂಥಗಳನ್ನು ಓದಿ ತಿಳಿಯತಕ್ಕದ್ದಕ್ಕಿಂತಲೂ ಕೈಯಿಂದ ಮಾಡಿ ತಿಳಿಯತಕ್ಕದ್ದೇ ಹೆಚ್ಚಾಗಿದೆ. ಕಣ್ಣಿಗೆ ಕಾಣದ, ಕಿವಿಗೆ ಕೇಳದ, ಮೈಯನ್ನು ಹಾದುಹೋದರೂ ಹಾದುಹೋಯಿತೆಂಬ ಅರಿವನ್ನೇ ಕೊಡದ ಕ್ಷ-ಕಿರಣಗಳೂ ಅವುಗಳ ಸಗೋತ್ರಗಳಾದ ಇತರ ವಿಕಿರಣಗಳೂ ದೊಡ್ಡ ಪ್ರಯೋಗಾಲಯಗಳ ಸೊತ್ತೆಂದೂ, ಸಾಮಾನ್ಯ ಗೃಹಸ್ಥನಿಗಾಗಲಿ ಹಳ್ಳಿಯ ಪ್ರೌಢಶಾಲೆಯ ಹುಡುಗಿಗಾಗಲಿ ಅವುಗಳೊಡನೆ ಯಾವ ವ್ಯವಹಾರವೂ ಸಲ್ಲದೆಂದೂ ಒಂದು ಭಾವನೆ ನಮ್ಮಲ್ಲಿ ನೆಲೆಯೂರಿದೆ. ಆ ಭಾವನೆಯಲ್ಲಿ ಅರ್ಧ ಸತ್ಯವುಂಟು. ಕಿರಣಗಳನ್ನು ಉತ್ಪಾದಿಸುವ ಕೆಲಸ ಮನೆಯ ಜಗುಲಿಯದಲ್ಲ. ಅದಕ್ಕೆ ತರಬೇತಿ ಬೇಕು, ಸೀಸದ ರಕ್ಷಣೆ ಬೇಕು, ಕಾನೂನಿನ ಅನುಮತಿ ಬೇಕು. ಆದರೆ ಕಿರಣಗಳ ಸುಳಿವನ್ನು ಹಿಡಿಯುವ, ಅವನ್ನು ಎಣಿಸುವ, ಎಣಿಸಿದ್ದನ್ನು ಬರೆದಿಟ್ಟು ಚಿಂತಿಸುವ ಕೆಲಸಕ್ಕೆ ಯಾವ ಅಧಿಕಾರಪತ್ರವೂ ಬೇಕಿಲ್ಲ. ಏಕೆಂದರೆ ಆಕಾಶವೂ ಭೂಮಿಯೂ ಮಳೆಯೂ ನಮ್ಮ ಸ್ವಂತ ಶರೀರವೂ ಅನಾದಿಯಿಂದ ಈ ಕಿರಣಗಳನ್ನು ಬಿಟ್ಟಿಯಾಗಿ ಒದಗಿಸುತ್ತಲೇ ಬಂದಿವೆ. ಶೋಧಕವನ್ನು ಕಟ್ಟಿರಿ, ಆಕರವನ್ನು ಕಟ್ಟಬೇಡಿರಿ ಎಂಬ ಈ ಒಂದು ಮಾತನ್ನು ವಿಸ್ತರಿಸಿ ಹೇಳುವುದೇ ಇಂದಿನ ನನ್ನ ಉದ್ದೇಶ.

1895ರ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬುರ್ಗ್ ನಗರದಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಎಂಬ ಪ್ರಾಧ್ಯಾಪಕನು, ಕಪ್ಪು ರಟ್ಟಿನಿಂದ ಪೂರ್ತಿಯಾಗಿ ಮುಚ್ಚಿದ್ದ ವಿಸರ್ಜನ ನಳಿಕೆಯೊಂದಕ್ಕೆ ವಿದ್ಯುತ್ತನ್ನು ಹಾಯಿಸಿದಾಗ, ಸ್ವಲ್ಪ ದೂರದಲ್ಲಿದ್ದ, ಬೇರಿಯಮ್ ಪ್ಲಾಟಿನೋಸಯನೈಡ್ ಲೇಪಿಸಿದ್ದ ಹಲಗೆಯೊಂದು ಕತ್ತಲೆಯಲ್ಲಿ ಹೊಳೆದದ್ದನ್ನು ಕಂಡನು. ಮುಂದಿನ ಏಳು ವಾರಗಳ ಕಾಲ ಏಕಾಂತದಲ್ಲಿ ಕುಳಿತು ಆ ಕಿರಣಗಳ ಗುಣಗಳನ್ನು ಪರೀಕ್ಷಿಸಿ, ಡಿಸೆಂಬರ್ 22ರಂದು ತನ್ನ ಪತ್ನಿಯ ಕೈಮೂಳೆಗಳ ಚಿತ್ರವನ್ನು ಉಂಗುರಸಮೇತ ಛಾಯಾಫಲಕದ ಮೇಲೆ ಮೂಡಿಸಿದನು. ಅವನ ಮಹತ್ತ್ವದ ಬಗ್ಗೆ ನಾನು ಹೊಸದಾಗಿ ಹೇಳಬೇಕಾದದ್ದಿಲ್ಲ. ಅವನು ತನ್ನ ಶೋಧನೆಗೆ ಏಕಸ್ವಾಮ್ಯವನ್ನು ಬಯಸದೆ ಲೋಕಕ್ಕೆ ಬಿಟ್ಟುಕೊಟ್ಟನೆಂಬುದೂ, 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪುರಸ್ಕಾರ ಅವನಿಗೆ ಸಂದಿತೆಂಬುದೂ ಎಲ್ಲರೂ ಬಲ್ಲ ಸಂಗತಿಗಳು. ನನ್ನ ಪ್ರಕೃತ ವಿಷಯಕ್ಕೆ ಮುಖ್ಯವಾದದ್ದು ಅವನ ಸಾಧನಗಳ ಸರಳತೆ. ಗಾಜಿನ ನಳಿಕೆಯೂ ಪ್ರೇರಣ ಸುರುಳಿಯೂ ಅಂದಿನ ಅನೇಕ ಕಾಲೇಜುಗಳ ಕಪಾಟುಗಳಲ್ಲಿ ಇದ್ದುದರಿಂದ, 1896ರ ಜನವರಿಯಲ್ಲಿ ಸುದ್ದಿ ಹಬ್ಬಿದ ಕೆಲವೇ ವಾರಗಳಲ್ಲಿ ಅಧ್ಯಾಪಕರು, ವೈದ್ಯರು, ಛಾಯಾಚಿತ್ರಗ್ರಾಹಕರು, ಕುತೂಹಲಿಗಳಾದ ಶ್ರೀಮಂತರು ಎಲ್ಲರೂ ಅದೇ ಪ್ರಯೋಗವನ್ನು ತಮ್ಮ ತಮ್ಮ ಕೊಠಡಿಗಳಲ್ಲಿ ಮಾಡಿ ನೋಡಿದರು.

ಆ ಉತ್ಸಾಹಕ್ಕೆ ತೆತ್ತ ಬೆಲೆಯನ್ನು ಮರೆಯುವಂತಿಲ್ಲ. ಎಡಿಸನ್ನನ ಪ್ರಯೋಗಾಲಯದಲ್ಲಿ ಗಾಜು ಊದುವ ಕುಶಲಕರ್ಮಿಯಾಗಿದ್ದ ಕ್ಲಾರೆನ್ಸ್ ಡ್ಯಾಲಿಯು ದಿನದಿನವೂ ತನ್ನ ಕೈಯನ್ನೇ ಕಿರಣದ ಮುಂದೆ ಹಿಡಿದು ನಳಿಕೆಗಳನ್ನು ಪರೀಕ್ಷಿಸುತ್ತಿದ್ದನು. ಚರ್ಮ ಸುಟ್ಟು, ಹುಣ್ಣು ಅರ್ಬುದಕ್ಕೆ ತಿರುಗಿ, ಕೈಗಳನ್ನು ಕತ್ತರಿಸಿದರೂ ಗುಣ ಕಾಣದೆ 1904ರಲ್ಲಿ ಮರಣಹೊಂದಿದನು. ಅವನ ಅವಸ್ಥೆಯನ್ನು ಕಂಡ ಎಡಿಸನ್ನನು ಕ್ಷ-ಕಿರಣಗಳ ಗೊಡವೆಯನ್ನೇ ಬಿಟ್ಟನು. 1936ರಲ್ಲಿ ಹ್ಯಾಂಬರ್ಗ್ ನಗರದ ಆಸ್ಪತ್ರೆಯೊಂದರ ಆವರಣದಲ್ಲಿ ನೆಟ್ಟ ಸ್ಮಾರಕಶಿಲೆಯ ಮೇಲೆ ಈ ಕಿರಣಗಳಿಗೆ ಬಲಿಯಾದ 169 ವೈದ್ಯರ, ವಿಜ್ಞಾನಿಗಳ, ದಾದಿಯರ, ತಂತ್ರಜ್ಞರ ಹೆಸರುಗಳನ್ನು ಕೆತ್ತಿದರು. ಆಮೇಲೆ ಆ ಪಟ್ಟಿ ಇನ್ನೂ ಬೆಳೆಯಿತು. ಇಷ್ಟು ಜನ ಅಜ್ಞಾನಿಗಳೇನಲ್ಲ. ತಿಳಿದವರೇ, ಆದರೆ ತಮ್ಮೆದುರಿಗೆ ಇರುವುದನ್ನು ಅಳೆಯುವ ಸಾಧನವಿಲ್ಲದೆ ಕೆಲಸಮಾಡಿದವರು. ನಮ್ಮ ಕಾಲದಲ್ಲಿಯೇ, 2010ರಲ್ಲಿ, ದೆಹಲಿಯ ಮಾಯಾಪುರಿಯ ಗುಜರಿ ಪೇಟೆಗೆ ಬಂದ ಹಳೆಯ ಉಪಕರಣವೊಂದರೊಳಗಿನ ಕೋಬಾಲ್ಟ್-60ನ್ನು ಏನೆಂದು ತಿಳಿಯದೆ ಬಿಚ್ಚಿದ ಕಾರ್ಮಿಕರಲ್ಲಿ ಹಲವರು ಆಸ್ಪತ್ರೆ ಸೇರಿ, ಒಬ್ಬನು ಪ್ರಾಣವನ್ನೇ ಕಳೆದುಕೊಂಡನು. ಆ ಅಂಗಡಿಯ ಬಾಗಿಲಲ್ಲಿ ಕಿರಣಗಳನ್ನು ಎಣಿಸುವ ಒಂದು ಗೈಗರ್ ಎಣಿಕಾರ ಇದ್ದಿದ್ದರೆ, ಅದರ ಟಕಟಕ ಶಬ್ದವೇ ಅವರನ್ನು ಹಿಂದಕ್ಕೆ ತಳ್ಳುತ್ತಿತ್ತು.

ಆದಕಾರಣ, ಹಳೆಯ ರೇಡಿಯೋ ಕವಾಟಗಳಿಂದಲೋ ಅಧಿಕ ವೋಲ್ಟೇಜಿನ ಸುರುಳಿಗಳಿಂದಲೋ ಮನೆಯಲ್ಲಿ ಕ್ಷ-ಕಿರಣವನ್ನು ಉಂಟುಮಾಡುವ ಸಾಹಸಗಳ ವರ್ಣನೆಯನ್ನು ನೀವು ಎಲ್ಲಿಯಾದರೂ ಓದಿದ್ದರೆ, ಅದನ್ನು ಕುತೂಹಲಕ್ಕಾಗಿ ಓದಿ ಪಕ್ಕಕ್ಕಿಡಿರಿ. ಕ್ಷ-ಕಿರಣದ ಉಪಕರಣವನ್ನು ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯ ಅನುಮತಿಯಿಲ್ಲದೆ ನಡೆಸುವುದು ನಮ್ಮ ದೇಶದಲ್ಲಿ ಶಾಸನವಿರುದ್ಧ. ಆ ಶಾಸನದ ಹಿಂದೆ ನಾನು ಈಗ ಹೇಳಿದ ಹೆಸರುಗಳೆಲ್ಲ ನಿಂತಿವೆ. ಪ್ರಕೃತಿಯ ಚಮತ್ಕಾರವನ್ನು ಮೆಚ್ಚುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. 2008ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು, ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಅಂಟುಪಟ್ಟಿಯ ಸುರುಳಿಯನ್ನು ನಿರ್ವಾತ ಪೆಟ್ಟಿಗೆಯೊಳಗಿಟ್ಟು ಯಂತ್ರದಿಂದ ಎಳೆದು ಬಿಡಿಸಿದಾಗ, ಬೆರಳಿನ ಮೂಳೆಯ ಚಿತ್ರ ಮೂಡುವಷ್ಟು ಕ್ಷ-ಕಿರಣಗಳು ಹೊರಟವು. ಪಟ್ಟಿ ಬಿಡುವ ಅಂಚಿನಲ್ಲಿ ವಿದ್ಯುದಾವೇಶ ಬೇರ್ಪಡುತ್ತದೆ. ಗಾಳಿ ಇಲ್ಲದಿರುವಾಗ ಎಲೆಕ್ಟ್ರಾನುಗಳು ಅಡೆತಡೆಯಿಲ್ಲದೆ ವೇಗವನ್ನು ಪಡೆದು ಎದುರಿನ ಮೇಲ್ಮೈಗೆ ಬಡಿದು ಕಿರಣವಾಗುತ್ತವೆ. ಗಾಳಿಯಲ್ಲಿ ಇದು ನಡೆಯದಾದ್ದರಿಂದ, ಪೊಟ್ಟಣ ಕಟ್ಟುವ ಅಂಗಡಿಯವನು ಹೆದರಬೇಕಾದದ್ದಿಲ್ಲ.

ಇನ್ನು ಶೋಧಕಗಳ ವಿಷಯಕ್ಕೆ ಬರೋಣ. ಎಲ್ಲಕ್ಕಿಂತ ಹಳೆಯದೂ ಎಲ್ಲಕ್ಕಿಂತ ಅಗ್ಗವಾದದ್ದೂ ಸ್ವರ್ಣಪತ್ರ ವಿದ್ಯುದ್ದರ್ಶಕ. ಅಗಲಬಾಯಿಯ ಗಾಜಿನ ಸೀಸೆ, ಮೇಣದ ಬಿರಡೆ, ಅದರ ಮೂಲಕ ಇಳಿಬಿಟ್ಟ ಹಿತ್ತಾಳೆಯ ತಂತಿ, ತಂತಿಯ ತುದಿಗೆ ಅಂಟಿಸಿದ ಎರಡು ತೆಳುವಾದ ರೇಕುಗಳು: ಇಷ್ಟೇ ಸಾಮಗ್ರಿ. ಮೈಸೂರು ಸಂಪ್ರದಾಯದ ಚಿತ್ರಕಾರರು ದೇವರ ಕಿರೀಟಕ್ಕೆ ಅಂಟಿಸುವ ಚಿನ್ನದ ರೇಕು ಈ ಕೆಲಸಕ್ಕೆ ಬಹಳ ಚೆನ್ನಾಗಿ ಒದಗುತ್ತದೆ. ಉಜ್ಜಿದ ಬಾಚಣಿಗೆಯಿಂದ ಆವೇಶವನ್ನು ಕೊಟ್ಟರೆ ರೇಕುಗಳು ಒಂದನ್ನೊಂದು ವಿಕರ್ಷಿಸಿ ಅಗಲುತ್ತವೆ. ಎಷ್ಟು ಎಚ್ಚರದಿಂದ ಕಟ್ಟಿದ್ದರೂ ಕಾಲಕ್ರಮದಲ್ಲಿ ಮೆಲ್ಲಮೆಲ್ಲನೆ ಕೂಡಿಕೊಳ್ಳುತ್ತವೆ. ಮಳೆಗಾಲದ ತೇವದಲ್ಲಿ ಈ ಪ್ರಯೋಗ ಕೈಕೊಡುವುದುಂಟಾದ್ದರಿಂದ ಮಾಘ ಫಾಲ್ಗುಣಗಳ ಒಣಗಾಳಿಯಲ್ಲಿ ಅದನ್ನು ಮಾಡುವುದು ಲೇಸು. ಆವೇಶ ಹೀಗೆ ಸೋರಿಹೋಗುವುದನ್ನು ಫ್ರಾನ್ಸಿನ ಕೂಲಾಮನು 1785ರಷ್ಟು ಹಿಂದೆಯೇ ಗಮನಿಸಿದ್ದನು. ಸೋರುವುದೇಕೆಂಬ ಪ್ರಶ್ನೆಗೆ ಉತ್ತರ ದೊರೆಯುವುದಕ್ಕೆ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು: ಸೀಸೆಯೊಳಗಿನ ಗಾಳಿಯನ್ನು ಯಾವುದೋ ಕಿರಣ ಸತತವಾಗಿ ಅಯಾನುಗಳಾಗಿ ಒಡೆಯುತ್ತಿದೆ, ಆ ಅಯಾನುಗಳೇ ಆವೇಶವನ್ನು ಹೊತ್ತೊಯ್ಯುತ್ತಿವೆ.

ಆ ಕಿರಣ ನೆಲದಿಂದ ಬರುವುದೆಂದು ಮೊದಮೊದಲು ಎಲ್ಲರೂ ನಂಬಿದ್ದರು. ತಿಯೊಡೋರ್ ವುಲ್ಫ್ ಎಂಬ ಜೆಸುಯಿಟ್ ಪಾದ್ರಿ, ಅಧ್ಯಾಪಕನೂ ಆಗಿದ್ದವನು, ತಾನೇ ನಿರ್ಮಿಸಿದ ವಿದ್ಯುನ್ಮಾಪಕವನ್ನು 1910ರಲ್ಲಿ ಪ್ಯಾರಿಸಿನ ಐಫೆಲ್ ಗೋಪುರದ ತುದಿಗೆ ಹೊತ್ತುಕೊಂಡು ಹೋಗಿ, ನೆಲ ಅಷ್ಟು ದೂರವಾದರೂ ಕಿರಣ ತಾನೆಣಿಸಿದಷ್ಟು ಕಡಿಮೆಯಾಗಲಿಲ್ಲವೆಂಬುದನ್ನು ಕಂಡನು. ಎರಡು ವರ್ಷಗಳ ತರುವಾಯ, 1912ರ ಆಗಸ್ಟ್ 7ರಂದು, ಆಸ್ಟ್ರಿಯದ ವಿಕ್ಟರ್ ಹೆಸ್ ಜಲಜನಕ ತುಂಬಿದ ಬುಗ್ಗೆಯ ತೊಟ್ಟಿಲಲ್ಲಿ ಕುಳಿತು 5 ಕಿಲೋಮೀಟರಿಗೂ ಮಿಕ್ಕ ಎತ್ತರಕ್ಕೆ ಏರಿ, ಮೇಲೇರಿದಷ್ಟೂ ಅಯಾನೀಕರಣ ಹೆಚ್ಚುವುದೆಂದೂ, ಆದುದರಿಂದ ಒಂದು ಬಗೆಯ ಕಿರಣ ಭೂಮಿಯ ಹೊರಗಿನಿಂದಲೇ ಬರುತ್ತಿರಬೇಕೆಂದೂ ಸಾಧಿಸಿದನು. ವಿಶ್ವಕಿರಣಗಳ ಈ ಶೋಧಕ್ಕಾಗಿ ಅವನಿಗೆ 1936ರಲ್ಲಿ ನೊಬೆಲ್ ಪುರಸ್ಕಾರ ಬಂದಿತು. ಅವನು ತನ್ನೊಡನೆ ಕೊಂಡೊಯ್ದದ್ದು ವುಲ್ಫನ ಮಾದರಿಯ ಮಾಪಕಗಳನ್ನೇ. ಆ ಮಾಪಕದ ತತ್ತ್ವ ನಮ್ಮ ಗಾಜಿನ ಸೀಸೆಯದಕ್ಕಿಂತ ಬೇರೆಯಲ್ಲ.

ವಿದ್ಯುದ್ದರ್ಶಕವು ಕಿರಣಗಳ ಮೊತ್ತವನ್ನು ಹೇಳುತ್ತದೆ. ಒಂದೊಂದನ್ನೂ ಬಿಡಿಬಿಡಿಯಾಗಿ ಎಣಿಸುವುದಕ್ಕೆ ಗೈಗರ್ ಎಣಿಕಾರ ಬೇಕು. ರದರ್‌ಫೋರ್ಡನ ಶಿಷ್ಯನಾದ ಹಾನ್ಸ್ ಗೈಗರನು 1908ರಲ್ಲಿ ಅದರ ಮೊದಲ ರೂಪವನ್ನೂ, 1928ರಲ್ಲಿ ತನ್ನ ವಿದ್ಯಾರ್ಥಿ ಮ್ಯೂಲರನೊಡನೆ ಇಂದಿನ ರೂಪವನ್ನೂ ಕೊಟ್ಟನು. ಲೋಹದ ಕೊಳವೆ, ಅದರ ನಡುವೆ ಬಿಗಿದ ತಂತಿ, ಒಳಗೆ ಕಡಮೆ ಒತ್ತಡದಲ್ಲಿರುವ ನಿಯಾನ್ ಅಥವಾ ಆರ್ಗಾನ್ ಅನಿಲ, ತಂತಿಗೂ ಕೊಳವೆಗೂ ನಡುವೆ ಕೆಲವು ನೂರು ವೋಲ್ಟುಗಳ ಅಂತರ. ಕಣವೊಂದು ಒಳಹೊಕ್ಕು ಒಂದೇ ಒಂದು ಎಲೆಕ್ಟ್ರಾನನ್ನು ಸಡಿಲಿಸಿದರೂ ಸಾಕು. ಅದು ತಂತಿಯತ್ತ ಧಾವಿಸುವಾಗ ಬೇರೆ ಅಣುಗಳನ್ನು ಒಡೆದು, ಅವು ಮತ್ತಷ್ಟನ್ನು ಒಡೆದು, ಕ್ಷಣಾರ್ಧದೊಳಗೆ ಕೋಟ್ಯಂತರ ಎಲೆಕ್ಟ್ರಾನುಗಳ ಪ್ರಪಾತವೇ ಉಂಟಾಗಿ, ಸಣ್ಣದೊಂದು ಧ್ವನಿವರ್ಧಕದಲ್ಲಿ ಟಕ್ಕೆಂದು ಕೇಳಿಸುತ್ತದೆ. ಸೋವಿಯತ್ ಒಕ್ಕೂಟದ ಕಾಲದಲ್ಲಿ ಹೇರಳವಾಗಿ ತಯಾರಾದ ಎಸ್‌ಬಿಎಂ-20 ಎಂಬ ಕೊಳವೆ, ಸುಮಾರು 400 ವೋಲ್ಟುಗಳಲ್ಲಿ ಕೆಲಸಮಾಡುವಂಥದು, ಲೋಕದ ಹವ್ಯಾಸಿಗಳಿಗೆಲ್ಲ ಇಂದಿಗೂ ಅಚ್ಚುಮೆಚ್ಚು. ಅಷ್ಟು ವೋಲ್ಟೇಜು ಮಕ್ಕಳ ಕೈಗೆ ಸಲ್ಲದೆನಿಸಿದರೆ, ಬೆಳಕನ್ನು ಗುರುತಿಸಲೆಂದು ಮಾಡಿರುವ ಪುಟ್ಟ ಸಿಲಿಕಾನ್ ಫೋಟೋಡಯೋಡೊಂದನ್ನು ಬೆಳಕು ಹೊಗದಂತೆ ಅಲ್ಯುಮಿನಿಯಮ್ ಹಾಳೆಯಲ್ಲಿ ಸುತ್ತಿ, ಅದರ ಅತಿಸೂಕ್ಷ್ಮ ಸಂಜ್ಞೆಯನ್ನು ವರ್ಧಕದಿಂದ ಹಿಗ್ಗಿಸಿದರೂ ಆದೀತು. ಸಾಮಾನ್ಯ ಬ್ಯಾಟರಿಯೇ ಅದಕ್ಕೆ ಸಾಕು, ಆದರೆ ಅದರ ಎಣಿಕೆ ತೀರ ನಿಧಾನ.

ಎಣಿಕಾರ ಸಿದ್ಧವಾದ ಮೇಲೆ ಏನನ್ನು ಎಣಿಸುವುದು? ವಿಕಿರಣಶೀಲ ಖನಿಜಗಳನ್ನು ಸಂಗ್ರಹಿಸುವುದಾಗಲಿ, ಹೊಗೆ ಶೋಧಕಗಳನ್ನು ಒಡೆದು ಒಳಗಿನದನ್ನು ತೆಗೆಯುವುದಾಗಲಿ ಬೇಡವೇ ಬೇಡ. ರೈತನ ಮನೆಯಲ್ಲಿರುವ ಪೊಟ್ಯಾಷ್ ಗೊಬ್ಬರದ ಚೀಲದ ಬಳಿ ಎಣಿಕಾರವನ್ನು ಹಿಡಿದು ನೋಡಿರಿ. ಪೊಟ್ಯಾಸಿಯಮ್ಮಿನ ಪರಮಾಣುಗಳಲ್ಲಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚಿನ ಪಾಲು ವಿಕಿರಣಶೀಲವಾದ ಪೊಟ್ಯಾಸಿಯಮ್-40; ಅದರ ಅರ್ಧಾಯು ಸುಮಾರು 125 ಕೋಟಿ ವರ್ಷ. ಒಂದು ಗ್ರಾಂ ಪೊಟ್ಯಾಸಿಯಮ್ಮಿನಲ್ಲಿ ಸೆಕೆಂಡಿಗೆ ಸುಮಾರು 30 ಪರಮಾಣುಗಳು ಒಡೆಯುತ್ತವೆ. ಅದೇ ಧಾತು ನಮ್ಮ ಸ್ನಾಯುಗಳಲ್ಲಿಯೂ ಇರುವುದರಿಂದ, ಈ ಸಭೆಯಲ್ಲಿ ಕುಳಿತಿರುವ ಪ್ರತಿಯೊಬ್ಬ ವಯಸ್ಕನ ಶರೀರದಲ್ಲಿಯೂ ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಇಂಥ ವಿಘಟನೆಗಳು ನಡೆಯುತ್ತಿವೆ. ಭೂಮಿ ಮೊದಲಾದಂದಿನಿಂದ ಉಳಿದುಬಂದಿರುವ ಪರಮಾಣುಗಳು ನಮ್ಮ ಹೃದಯದ ಮಾಂಸದಲ್ಲಿ ಇದೀಗ ಒಡೆಯುತ್ತಿವೆಯೆಂಬ ಅರಿವು ನನಗೆ ಯಾವ ಪುರಾಣಕ್ಕಿಂತಲೂ ಗಂಭೀರವಾಗಿ ತೋರುತ್ತದೆ.

ಮಳೆಯ ಪ್ರಯೋಗ ಇದಕ್ಕಿಂತ ಸೊಗಸಾದದ್ದು. ನೆಲದೊಳಗಿನ ಯುರೇನಿಯಮ್ಮಿನ ಸಂತತಿಯಾದ ರೇಡಾನ್ ಅನಿಲ ಮಣ್ಣಿನಿಂದ ಹೊರಬಂದು ಗಾಳಿಯಲ್ಲಿ ಬೆರೆತು, ಸೀಸ-214, ಬಿಸ್ಮತ್-214 ಎಂಬ ಅಲ್ಪಾಯುಗಳಾದ ಪರಮಾಣುಗಳಾಗಿ ಒಡೆಯುತ್ತದೆ. ಮೊದಲನೆಯದರ ಅರ್ಧಾಯು 27 ನಿಮಿಷ, ಎರಡನೆಯದರದು 20. ಇವು ಧೂಳಿನ ಕಣಗಳಿಗೆ ಅಂಟಿಕೊಂಡು ತೇಲುತ್ತಿದ್ದು, ಮಳೆ ಬಂದಾಗ ತೊಳೆದು ನೆಲಕ್ಕಿಳಿಯುತ್ತವೆ. ಮುಂಗಾರಿನ ಮೊದಲ ಬಿರುಮಳೆ ನಿಂತ ಕೂಡಲೇ ಹೊರಗೆ ನಿಲ್ಲಿಸಿದ ಕಾರಿನ ಮೇಲ್ಭಾಗವನ್ನು ಮೆತ್ತನೆಯ ಕಾಗದದಿಂದ ಒರಸಿ, ಆ ಕಾಗದವನ್ನು ಮಡಿಚಿ ಎಣಿಕಾರದ ಬಳಿ ಇಟ್ಟರೆ, ಎಣಿಕೆ ಎದ್ದು ಕಾಣುವಂತೆ ಏರುತ್ತದೆ. ಹತ್ತು ಹತ್ತು ನಿಮಿಷಕ್ಕೊಮ್ಮೆ ಬರೆದುಕೊಂಡು ಹೋದರೆ ಕ್ರಮವಾಗಿ ಇಳಿದು, ಕೆಲವು ಗಂಟೆಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಮಳೆನೀರಿನ ಈ ಗುಣವನ್ನು 1902ರಲ್ಲಿ ಸ್ಕಾಟ್ಲೆಂಡಿನ ಸಿ.ಟಿ.ಆರ್. ವಿಲ್ಸನ್ ಪ್ರಕಟಿಸಿದನು. ಅದಕ್ಕೆ ಹಿಂದಿನ ವರ್ಷ ಜರ್ಮನಿಯ ಎಲ್‌ಸ್ಟರ್ ಮತ್ತು ಗೈಟೆಲ್ ಎಂಬ ಗೆಳೆಯರಿಬ್ಬರು, ಇಬ್ಬರೂ ಶಾಲಾ ಅಧ್ಯಾಪಕರೇ, ಆವೇಶ ಕೊಟ್ಟ ತಂತಿಯನ್ನು ಗಾಳಿಯಲ್ಲಿ ಬಿಟ್ಟರೆ ಅದು ತಾನೇ ವಿಕಿರಣಶೀಲವಾಗುವುದನ್ನು ತೋರಿಸಿದ್ದರು. ಮಳೆ ಬಾರದ ದಿನಗಳಲ್ಲಿ ಅವರ ಪ್ರಯೋಗವನ್ನು ಒಂದು ಬಲೂನಿನಿಂದ ಮಾಡಬಹುದು. ಬಲೂನನ್ನು ಉಣ್ಣೆಯ ಬಟ್ಟೆಯಿಂದ ಉಜ್ಜಿ, ರಾತ್ರಿಯೆಲ್ಲ ಮುಚ್ಚಿಟ್ಟಿದ್ದ ಕೋಣೆಯಲ್ಲಿ ಅರ್ಧ ಗಂಟೆಯ ಮೇಲೆ ತೂಗುಬಿಟ್ಟು, ಅನಂತರ ಗಾಳಿ ತೆಗೆದು ಕುಗ್ಗಿಸಿ ಎಣಿಕಾರಕ್ಕೆ ಹಿಡಿದರೆ, ಆ ಕೋಣೆಯ ಗಾಳಿಯಲ್ಲಿದ್ದ ಪರಮಾಣುಗಳು ತಮ್ಮ ಲೆಕ್ಕವನ್ನು ಒಪ್ಪಿಸುತ್ತವೆ.

ಈ ಎಣಿಕೆಯಲ್ಲಿ ಒಂದು ಶಿಸ್ತು ಅಡಗಿದೆ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಯಾವ ಪರಮಾಣು ಯಾವಾಗ ಒಡೆಯುವುದೆಂದು ಯಾರೂ ಹೇಳಲಾರರು. ಒಂದು ನಿಮಿಷದಲ್ಲಿ 20 ಬಂದರೆ ಮರುನಿಮಿಷ 27, ಅದರ ಮರುನಿಮಿಷ 16 ಬಂದೀತು. ಇದರಲ್ಲಿ ಉಪಕರಣದ ದೋಷವಿಲ್ಲ, ಪ್ರಕೃತಿಯ ಸ್ವಭಾವವೇ ಹಾಗೆ. 100 ಎಣಿಕೆ ಬಂದಾಗ ಅದರಲ್ಲಿ ಸುಮಾರು 10ರಷ್ಟು ಅನಿಶ್ಚಯವುಂಟು; 10,000 ಬಂದಾಗ 100ರಷ್ಟು, ಅಂದರೆ ನೂರಕ್ಕೆ ಒಂದರಷ್ಟು ಮಾತ್ರ. ನಿಶ್ಚಯವನ್ನು ಹತ್ತುಪಟ್ಟು ಹೆಚ್ಚಿಸಬೇಕಾದರೆ ನೂರುಪಟ್ಟು ಕಾಲ ಕಾಯಬೇಕು. ಹೀಗೆ ಕಾದು ಎಣಿಸಿದ ವಿದ್ಯಾರ್ಥಿಯು ಮುಂದೆ ಯಾವನಾದರೂ ಒಂದೆರಡು ನಿದರ್ಶನಗಳನ್ನು ಮುಂದಿಟ್ಟು ದೊಡ್ಡ ಸಿದ್ಧಾಂತವನ್ನು ಸಾರಿದಾಗ, ಎಷ್ಟು ಸಲ ಎಣಿಸಿದಿರಿ ಎಂದು ಕೇಳದೆ ಬಿಡಲಾರನು.

ಎರಡು ಎಣಿಕಾರಗಳನ್ನು ಒಂದರ ಮೇಲೊಂದಿಟ್ಟು, ಎರಡೂ ಒಟ್ಟಿಗೆ ಮಿಡಿದಾಗ ಮಾತ್ರ ಎಣಿಸುವಂತೆ ಮಾಡಿದರೆ, ನೆಲದ ಕಿರಣಗಳು ಬಹುಮಟ್ಟಿಗೆ ಬಿಟ್ಟುಹೋಗಿ ವಿಶ್ವಕಿರಣಗಳು ವಾತಾವರಣದಲ್ಲಿ ಹುಟ್ಟಿಸುವ, ಮೇಲಿನಿಂದ ಬರುವ ಮ್ಯೂಆನ್ ಕಣಗಳು ಉಳಿಯುತ್ತವೆ. ಬೋಟೆ ಮತ್ತು ಕೋಲ್‌ಹರ್ಸ್ಟರ್ 1929ರಲ್ಲಿ ಈ ಉಪಾಯವನ್ನು ವಿಶ್ವಕಿರಣಗಳಿಗೆ ಅನ್ವಯಿಸಿದರು. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿನ ಮೇಲೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಬೀಳುತ್ತದೆ. ಅಂಗೈಯನ್ನು ಚಾಚಿದರೆ ಸೆಕೆಂಡಿಗೆ ಒಂದೆರಡು ಹಾದುಹೋಗುತ್ತವೆ. ಮಂಗಳೂರಿನ ಕಡಲತೀರದಲ್ಲಿ ಎಣಿಸಿ, ಅದೇ ಜೋಡಿಯನ್ನು ಚಾರ್ಮಾಡಿ ಘಾಟಿಯನ್ನು ಹತ್ತಿಸಿ ಮುಳ್ಳಯ್ಯನಗಿರಿಯ ಮೇಲೆ ಎಣಿಸಿದ ಕಾಲೇಜಿನ ತಂಡವು ಹೆಸ್ಸನ ಆರೋಹಣದ ಅರ್ಥವನ್ನು ತನ್ನ ಕಣ್ಣಾರೆ ಕಂಡಂತಾಗುತ್ತದೆ.

ಈ ಮಾತು ನಮ್ಮ ನಾಡಿನ ಚರಿತ್ರೆಯ ಒಂದು ಉಜ್ಜ್ವಲ ಅಧ್ಯಾಯಕ್ಕೆ ನನ್ನನ್ನು ಕರೆದೊಯ್ಯುತ್ತದೆ. 1939ರಲ್ಲಿ ಯುದ್ಧದ ಕಾರಣದಿಂದ ಇಂಗ್ಲೆಂಡಿಗೆ ಮರಳಲಾಗದೆ ಉಳಿದ ಹೋಮಿ ಭಾಭಾ ಅವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ವಿಭಾಗವನ್ನು ಸೇರಿ, ಅಲ್ಲಿ ವಿಶ್ವಕಿರಣಗಳ ಸಂಶೋಧನೆಯನ್ನು ಆರಂಭಿಸಿದರು. ತರುಣ ವಿಕ್ರಮ್ ಸಾರಾಭಾಯಿ ಅವರೂ ಅದೇ ಕಾಲದಲ್ಲಿ, ಅದೇ ಆವರಣದಲ್ಲಿ, ಗೈಗರ್ ಎಣಿಕಾರಗಳಿಂದ ವಿಶ್ವಕಿರಣಗಳನ್ನು ಅಳೆಯುತ್ತಿದ್ದರು. ಮುಂದೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹುಟ್ಟಿದ ಮೇಲೆ, ನಂಜನಗೂಡಿನಲ್ಲಿ ಜನಿಸಿದ ಬಿ.ವಿ. ಶ್ರೀಕಂಠನ್ ಅವರು, 1950ರ ದಶಕದ ಆರಂಭದಲ್ಲಿ, ಭಾಭಾ ಅವರ ಸೂಚನೆಯಂತೆ, ಎಣಿಕಾರಗಳ ಜೋಡಣೆಯೊಡನೆ ಕೋಲಾರದ ಚಿನ್ನದ ಗಣಿಗೆ ಇಳಿದರು. ಬಂಡೆಯ ಪದರ ದಪ್ಪವಾದಷ್ಟೂ ಮ್ಯೂಆನುಗಳು ವಿರಳವಾಗುತ್ತವೆ. ಎಷ್ಟು ಆಳಕ್ಕೆ ಎಷ್ಟು ಎಂಬುದನ್ನು ಅಳೆಯುವುದಕ್ಕೆ ಲೋಕದ ಅತ್ಯಂತ ಆಳದ ಗಣಿಗಳಲ್ಲೊಂದಾಗಿದ್ದ ಕೋಲಾರಕ್ಕಿಂತ ತಕ್ಕ ಸ್ಥಳ ಬೇರಿರಲಿಲ್ಲ. 1960ರ ದಶಕದ ಆದಿಯಲ್ಲಿ ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಇರಿಸಿದ ಉಪಕರಣ ವಾರಗಟ್ಟಲೆ ಕಾದರೂ ಒಂದೇ ಒಂದು ಮ್ಯೂಆನನ್ನೂ ದಾಖಲಿಸಲಿಲ್ಲ. ಏನೂ ಕಾಣದ ಆ ಫಲಿತಾಂಶವೇ ಮುಂದಿನ ಮಹಾಶೋಧಕ್ಕೆ ಆಧಾರವಾಯಿತೆಂಬುದನ್ನು ವಿದ್ಯಾರ್ಥಿಗಳು ಮನನ ಮಾಡಬೇಕು. ಮ್ಯೂಆನುಗಳ ಗದ್ದಲವೇ ಇಲ್ಲದ ಅಂಥ ಮೌನದಲ್ಲಿ, ಬಂಡೆಯನ್ನೂ ಭೂಮಿಯನ್ನೂ ಲೆಕ್ಕಿಸದೆ ತೂರಿಬರುವ ನ್ಯೂಟ್ರಿನೋವಿನ ಹೆಜ್ಜೆಗುರುತನ್ನು ಹಿಡಿಯಬಹುದೆಂದು ಅವರು ಕಂಡರು. ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳ ಸಹಯೋಗದಲ್ಲಿ ಹೂಡಿದ ಪ್ರಯೋಗವು, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸಾಕ್ಷ್ಯವನ್ನು 1965ರಲ್ಲಿ ಪ್ರಕಟಿಸಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ನಡೆದ ಪ್ರಯೋಗವೂ ಅದೇ ವರ್ಷ ಅದನ್ನೇ ಕಂಡಿತು. ವಾತಾವರಣದ ನ್ಯೂಟ್ರಿನೋಗಳ ಮೊದಲ ದರ್ಶನವಾದ ಎರಡು ಸ್ಥಳಗಳಲ್ಲಿ ಒಂದು ನಮ್ಮ ಕೋಲಾರವೆಂಬ ಸಂಗತಿ ಕೋಲಾರದ ಶಾಲೆಯ ಮಕ್ಕಳಿಗೆ ತಿಳಿದಿದೆಯೇ ಎಂದು ಯೋಚಿಸಿದಾಗ ನನಗೆ ವ್ಯಸನವಾಗುತ್ತದೆ. ಶ್ರೀಕಂಠನ್ ಅವರು ಟಾಟಾ ಸಂಸ್ಥೆಯ ನಿರ್ದೇಶಕರಾಗಿ ಸೇವೆ ಸಲ್ಲಿಸಿ 2019ರಲ್ಲಿ ಕಾಲವಾದರು. ಗಣಿ 2001ರಲ್ಲಿಯೇ ಮುಚ್ಚಿತು.

ಎಣಿಸುವ ಶೋಧಕಗಳಾದ ಮೇಲೆ, ಕಣಗಳ ಜಾಡನ್ನು ಕಣ್ಣಿಗೆ ತೋರಿಸುವ ಮೇಘಕೋಷ್ಠದ ಬಗ್ಗೆ ಎರಡು ಮಾತು. ಮೊದಲೇ ಹೆಸರಿಸಿದ ವಿಲ್ಸನ್ ಬೆನ್ ನೆವಿಸ್ ಬೆಟ್ಟದ ಮೇಲೆ ಮಂಜಿನಲ್ಲಿ ಮೂಡಿದ ಪರಿವೇಷಗಳಿಗೆ ಮರುಳಾಗಿ, ಪ್ರಯೋಗಶಾಲೆಯಲ್ಲಿ ಮೋಡವನ್ನು ಸೃಷ್ಟಿಸಲು ಹೊರಟು, 1911ರಲ್ಲಿ ಕಣಗಳ ಪಥವನ್ನೇ ಕಣ್ಣಿಗೆ ಕಾಣಿಸಿದನು. ಇಂದು ಅದರ ಸುಲಭ ರೂಪವೊಂದುಂಟು: ಗಾಜಿನ ಪೆಟ್ಟಿಗೆಯ ಮೇಲ್ಭಾಗದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ಹೀರಿಸಿ, ತಳದ ಕಪ್ಪು ತಗಡನ್ನು ಸೊನ್ನೆಗಿಂತ 78 ಡಿಗ್ರಿ ಕೆಳಗಿರುವ ಡ್ರೈ ಐಸ್ ಮೇಲಿರಿಸಿ, ಪಕ್ಕದಿಂದ ದೀಪವನ್ನು ಹಾಯಿಸಿದರೆ, ಸ್ವಲ್ಪ ಹೊತ್ತಿನಲ್ಲಿ ಬಿಳಿಯ ಎಳೆಗಳು ಮೂಡಿ ಮಾಯವಾಗತೊಡಗುತ್ತವೆ. ಕೈಗವಸೂ ಗಾಳಿಯಾಡುವ ಕೋಣೆಯೂ ಕಡ್ಡಾಯ. ಬೆಂಕಿ ಹತ್ತಿರ ಇರಕೂಡದು.

ಕಡೆಯದಾಗಿ ಭಯದ ವಿಷಯ. ವಿಕಿರಣವೆಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ಜನರಲ್ಲಿ ಕೆಲವರು ನಡುಗುತ್ತಾರೆ, ಕೆಲವರು ಏನೂ ಆಗದೆಂದು ಕೈಬೀಸುತ್ತಾರೆ; ಇಬ್ಬರೂ ಅಳೆದು ನೋಡಿದವರಲ್ಲ. ಲೋಕದ ಮನುಷ್ಯನೊಬ್ಬನಿಗೆ ಪ್ರಕೃತಿಯಿಂದಲೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಪ್ರಮಾಣದ ವಿಕಿರಣ ಸಲ್ಲುತ್ತದೆ. ಕೇರಳದ ಚವರದಲ್ಲಿಯೂ ನಮ್ಮ ಉಳ್ಳಾಲದ ತೀರದ ಕೆಲವು ಮರಳಿನ ಪಟ್ಟೆಗಳಲ್ಲಿಯೂ ಥೋರಿಯಮ್ ಇರುವ ಮೋನಝೈಟ್ ಕಾರಣದಿಂದ ನೆಲದ ಪಾಲು ಹೆಚ್ಚು. ಮನೆಯಲ್ಲಿ ಕಟ್ಟಿದ ಎಣಿಕಾರ ಎಣಿಕೆಯನ್ನು ಕೊಡುವುದೇ ಹೊರತು ಪ್ರಮಾಣೀಕರಿಸಿದ ಅಳತೆಯನ್ನಲ್ಲ ಎಂಬ ಎಚ್ಚರ ಇರಲಿ. ಆದರೆ ತನ್ನ ಊರಿನ ಸಹಜಮಟ್ಟ ಎಷ್ಟೆಂದು ವರ್ಷವಿಡೀ ಬರೆದಿಟ್ಟಿರುವ ಶಾಲೆಯೊಂದು ಕೈಗಾದ ಸುತ್ತಮುತ್ತ ಇದ್ದರೆ, ಅಣುಸ್ಥಾವರದ ಬಗ್ಗೆ ಗಾಳಿಮಾತು ಹಬ್ಬಿದ ದಿನ ಊರಿನವರು ಆ ಶಾಲೆಯ ಪುಸ್ತಕವನ್ನು ತೆರೆದು ನೋಡಬಹುದು. ಅಧಿಕಾರಿಗಳ ಆಶ್ವಾಸನೆಯನ್ನೂ ಅದರೊಡನೆ ಹೋಲಿಸಬಹುದು.

ದತ್ತಿಯ ದಾನಿಗಳಲ್ಲಿ ನನ್ನದೊಂದು ಬಿನ್ನಹ. ಬರುವ ವರ್ಷ ಈ ನಿಧಿಯ ಬಡ್ಡಿಯಲ್ಲಿ ಒಂದು ಪಾಲನ್ನು ಉಪನ್ಯಾಸಕ್ಕೆ ಬದಲಾಗಿ ಎಣಿಕಾರದ ಸಾಮಗ್ರಿಗೆ ಮೀಸಲಿಡಿರಿ. ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ಮಕ್ಕಳು ಅಧ್ಯಾಪಕರ ಕಣ್ಗಾವಲಿನಲ್ಲಿ ಅದನ್ನು ತಾವೇ ಬೆಸುಗೆಹಾಕಿ ಕಟ್ಟಲಿ, ದಿನವೂ ಪ್ರಾರ್ಥನೆಯ ಗಂಟೆಗೆ ಮುಂಚೆ ಹತ್ತು ನಿಮಿಷ ಎಣಿಸಿ, ಮಳೆ ಬಿಸಿಲುಗಳ ವಿವರದೊಡನೆ ದಪ್ಪನೆಯ ರಟ್ಟಿನ ಪುಸ್ತಕವೊಂದರಲ್ಲಿ ಬರೆಯಲಿ. ಆ ಪುಸ್ತಕದ ಮೊದಲ ವರ್ಷದ ಲೆಕ್ಕವನ್ನು ಮುಂದಿನ ಸಲ ಇದೇ ವೇದಿಕೆಯಿಂದ ಆ ಮಕ್ಕಳೇ ಓದಿ ಹೇಳಲಿ.